ಮೂಕಪ್ರಾಣಿಯ ಉಸಿರು

ಮನೆಯಲ್ಲಿ ಸಾಕಿದ ಬೆಕ್ಕು ಕೆಮ್ಮತೊಡಗಿದರೆ ಅದು ಪಶುವೈದ್ಯರಿಗೆ ಮಾತ್ರ ಸಂಬಂಧಿಸಿದ ವಿಷಯವೇ? ಅಥವಾ ನಾಳೆ ನಾವು ಉತ್ತರ ಹೇಳಬೇಕಾಗಿರುವ ವಿಷಯಗಳಲ್ಲಿ ಅದೂ ಒಂದೇ? ಈ ಪ್ರಶ್ನೆ ಕೇಳಿ ಕೆಲವರು ನಕ್ಕಾರು. ಬಡ್ಡಿ, ವರದಕ್ಷಿಣೆ, ಆಸ್ತಿ ಹಂಚಿಕೆಯ ಅನ್ಯಾಯಗಳಂತಹ ಗಂಭೀರ ಸಮಸ್ಯೆಗಳು ಸಮುದಾಯವನ್ನು ಕಾಡುತ್ತಿರುವಾಗ ಬೆಕ್ಕಿನ ಕೆಮ್ಮಿಗೆ ಪುಟಗಳನ್ನು ಮೀಸಲಿಡಬೇಕೇ ಎಂದು ಕೇಳಿಯಾರು. ಆದರೆ ಓದುಗರೇ, ಒಬ್ಬ ಸ್ತ್ರೀ ಒಂದು ಬೆಕ್ಕಿನ ಕಾರಣದಿಂದ ನರಕ ಪ್ರವೇಶಿಸಿದಳೆಂಬ ಪ್ರವಾದಿ ವಚನವನ್ನು ಚಿಕ್ಕಂದಿನಿಂದ ಕೇಳುತ್ತಾ ಬಂದವರು ನಾವು. ಕೇಳಿ ಕೇಳಿ ಅದು ನಮಗೆ ಒಂದು ಕತೆಯಾಗಿಬಿಟ್ಟಿದೆ. ಅದರೊಳಗಿರುವ ಕಾನೂನನ್ನು ನೋಡುವ ಗೋಜಿಗೆ ಹೋಗುವವರು ವಿರಳ.

ಇಬ್ನು ಉಮರ್(ರ) ಮತ್ತು ಅಬೂಹುರೈರಾ(ರ) ಇಬ್ಬರೂ ವರದಿ ಮಾಡಿರುವ ಈ ವಚನ ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳೆರಡರಲ್ಲೂ ಇದೆ. ಆ ಸ್ತ್ರೀ ಬೆಕ್ಕನ್ನು ಕೂಡಿಹಾಕಿದಳು. ತಾನೂ ಅದಕ್ಕೆ ಅನ್ನ ನೀರು ಕೊಡಲಿಲ್ಲ, ನೆಲದ ಮೇಲೆ ಹರಿದಾಡುವ ಜೀವಿಗಳನ್ನು ತಿಂದು ಬದುಕಲು ಅದನ್ನು ಬಿಡಲೂ ಇಲ್ಲ. ಅದು ಸತ್ತಿತು. ಅವಳು ಸತ್ಯನಿಷೇಧಿಯಾಗಿದ್ದಿರಬಹುದು, ಶಿಕ್ಷೆ ಅದಕ್ಕಾಗಿಯೂ ಇರಬಹುದು ಎಂದು ಕೆಲವು ವಿದ್ವಾಂಸರು ಹೇಳಿದ್ದುಂಟು. ಇಮಾಮ್ ನವವಿಯವರು ಅದನ್ನು ಒಪ್ಪುವುದಿಲ್ಲ. ಅವಳು ಮುಸ್ಲಿಮಳೇ ಆಗಿದ್ದಳು, ಬೆಕ್ಕಿನ ಕಾರಣದಿಂದಲೇ ಶಿಕ್ಷೆಗೆ ಗುರಿಯಾದಳು ಎಂಬುದು ಅವರ ವಿವರಣೆ. ಇದನ್ನು ಓದಿದ ಮೇಲೆ ಈ ವಚನವನ್ನು ಪಕ್ಕದ ಬೀದಿಯವರ ಕಡೆಗೆ ತಿರುಗಿಸುವುದು ಕಷ್ಟ.

ಇಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಅವಳು ಬೆಕ್ಕನ್ನು ಹೊಡೆದಳೆಂದು ವಚನದಲ್ಲಿಲ್ಲ. ಸುಟ್ಟಳೆಂದೂ ಇಲ್ಲ, ವಿಷ ಹಾಕಿದಳೆಂದೂ ಇಲ್ಲ. ಬಾಗಿಲು ಮುಚ್ಚಿದ ನಂತರ ಅವಳು ಏನನ್ನೂ ಮಾಡಲಿಲ್ಲ, ಅದೇ ಅವಳ ಅಪರಾಧ. ಕ್ರೌರ್ಯವೆಂದರೆ ಕೈಯೆತ್ತುವುದು ಎಂದು ತಿಳಿದಿರುವ ನಮಗೆ, ಕೈಕಟ್ಟಿ ಕೂರುವುದೂ ಕ್ರೌರ್ಯವಾಗಬಲ್ಲದು ಎಂಬುದು ಅಷ್ಟು ಸುಲಭವಾಗಿ ಹೊಳೆಯುವುದಿಲ್ಲ.

ಈ ವಚನ ಬೆಕ್ಕನ್ನು ಸಾಕುವವರ ಮುಂದೆ ಎರಡು ದಾರಿಗಳನ್ನಿಡುತ್ತದೆ: ಉಣಿಸು, ಇಲ್ಲವೇ ಬಿಟ್ಟುಬಿಡು. ಆರೋಗ್ಯವಂತ ಬೆಕ್ಕಿನ ಮಟ್ಟಿಗೆ ಇದರಲ್ಲಿ ತೊಡಕಿಲ್ಲ. ಕಾಯಿಲೆ ಬಿದ್ದ ಬೆಕ್ಕಿನ ಮಟ್ಟಿಗೆ?

ಕೆಲವು ವರ್ಷಗಳ ಹಿಂದೆ ಮದ್ರಸದಲ್ಲಿ ಈ ಪಾಠ ಮಾಡುತ್ತಿದ್ದಾಗ ಐದನೇ ತರಗತಿಯ ಹುಡುಗನೊಬ್ಬ ಕೈಯೆತ್ತಿದ. ಅವರ ಮನೆಯಲ್ಲಿ ಒಂದು ಬೆಕ್ಕಿತ್ತು, ಎರಡು ತಿಂಗಳಿಂದ ಕೆಮ್ಮುತ್ತಿತ್ತು, ರಾತ್ರಿ ಗೊರಗೊರ ಸದ್ದು ಮಾಡುತ್ತಿತ್ತು. ಮನೆಯವರು ಅದನ್ನು ಗೋಣಿಚೀಲದಲ್ಲಿ ಹಾಕಿ ಮೀನು ಮಾರುಕಟ್ಟೆಯ ಹತ್ತಿರ ಬಿಟ್ಟುಬಂದಿದ್ದರು. "ಉಸ್ತಾದ್, ಆ ಹೆಂಗಸು ಬಿಡಲಿಲ್ಲ, ಅದಕ್ಕೆ ಶಿಕ್ಷೆಯಾಯಿತು. ನಾವು ಬಿಟ್ಟಿದ್ದೇವಲ್ಲ, ನಮಗೇನೂ ಆಗುವುದಿಲ್ಲ ತಾನೇ?" ಎಂದು ಕೇಳಿದ. ದೊಡ್ಡವರು ಮಾಡಿದ ನಿರ್ಧಾರದ ಹೊರೆ ನಿನ್ನ ತಲೆಯ ಮೇಲಿಲ್ಲ ಎಂದು ಅವನನ್ನು ಕುಳ್ಳಿರಿಸಿದೆ. ಅಣ್ಣನೊಂದಿಗೆ ಎರಡು ಸಂಜೆ ಮಾರುಕಟ್ಟೆಗೆ ಹೋಗಿ ಹುಡುಕಿದನಂತೆ. ಬೆಕ್ಕು ಸಿಗಲಿಲ್ಲ.

ಅವನ ಪ್ರಶ್ನೆ ಮಾತ್ರ ಉಳಿಯಿತು, ಏಕೆಂದರೆ ಅದು ದೊಡ್ಡವರೆಲ್ಲರ ಪ್ರಶ್ನೆ. 'ನಾವು ಕೊಲ್ಲಲಿಲ್ಲ, ಬಿಟ್ಟೆವು. ಮೀನಿನ ತಲೆ ತಿಂದು ಬದುಕಿಕೊಳ್ಳುತ್ತದೆ' ಎಂಬ ಸಮಾಧಾನವನ್ನು ನಮ್ಮ ಊರುಗಳಲ್ಲಿ ಎಷ್ಟು ಬಾರಿ ಕೇಳಿಲ್ಲ! ಆದರೆ ವಚನವನ್ನು ಇನ್ನೊಮ್ಮೆ ನೋಡಿ. ಅಲ್ಲಿ ಬಿಡುವುದಕ್ಕೆ ಒಂದು ಉದ್ದೇಶವನ್ನು ಹೇಳಲಾಗಿದೆ: ಅದು ತಾನಾಗಿ ಬೇಟೆಯಾಡಿ ತಿನ್ನಲಿ ಎಂದು. ಬೆಕ್ಕಿನ ಬೇಟೆ ಹೇಗಿರುತ್ತದೆಂದು ನೀವು ನೋಡಿದ್ದೀರಿ. ನೆಲಕ್ಕೆ ಹೊಟ್ಟೆ ಹಚ್ಚಿ ಹೊಂಚು ಹಾಕುತ್ತದೆ, ಉಸಿರಿನ ಸದ್ದೂ ಕೇಳದಂತೆ ಕಾಯುತ್ತದೆ, ಬಳಿಕ ಒಂದೇ ನೆಗೆತ. ಅದರ ಜೀವನೋಪಾಯ ಪೂರ್ತಿಯಾಗಿ ನಿಂತಿರುವುದು ಆ ಉಸಿರಿನ ಮೇಲೆ. ಉಬ್ಬಸದಿಂದ ಪಕ್ಕೆ ಬಡಿದುಕೊಳ್ಳುತ್ತಿರುವ ಬೆಕ್ಕು ಇಲಿಯ ಹಿಂದೆ ಓಡಲಾರದು, ನಾಯಿಯ ಮುಂದೆಯೂ ಓಡಲಾರದು. ಮೂಗು ಕಟ್ಟಿದ ಬೆಕ್ಕಂತೂ ಎದುರಿಗೇ ಮೀನಿಟ್ಟರೂ ಮುಟ್ಟದಿರಬಹುದು, ಏಕೆಂದರೆ ಅದು ವಾಸನೆ ಹಿಡಿದು ತಿನ್ನುವ ಪ್ರಾಣಿ. ಅಂಥದ್ದನ್ನು ಮಾರುಕಟ್ಟೆಯಲ್ಲಿ ಇಳಿಸಿ ಬಂದರೆ ಅದು ಬಿಡುಗಡೆಯಾಗುತ್ತದೆಯೇ? ಆ ಸ್ತ್ರೀ ಮುಚ್ಚಿದ್ದು ಒಳಬಾಗಿಲು, ನಾವು ಮುಚ್ಚಿದ್ದು ಹೊರಬಾಗಿಲು. ಬೆಕ್ಕಿಗೆ ಎರಡೂ ಒಂದೇ.

ಇದು ನನ್ನ ಕಲ್ಪನೆಯೆಂದು ಯಾರೂ ಭಾವಿಸಬೇಕಾಗಿಲ್ಲ. ಕುರುಡು ಬೆಕ್ಕೊಂದು ಯಾರದೋ ಮನೆಯನ್ನು ಸೇರಿಕೊಂಡು, ಅಲ್ಲಿಂದ ಹೊರಟುಹೋಗಲು ಅಸಮರ್ಥವಾದರೆ ಅದರ ಪೋಷಣೆ ಆ ಮನೆಯವನ ಮೇಲೆ ಕಡ್ಡಾಯವಾಗುತ್ತದೆಂದು ಮಾಲಿಕಿ ಕರ್ಮಶಾಸ್ತ್ರ ಗ್ರಂಥಗಳಲ್ಲಿ ಬರೆಯಲಾಗಿದೆ. ಅವನು ಅದನ್ನು ಖರೀದಿಸಿಲ್ಲ, ಸಾಕುತ್ತೇನೆಂದು ಹೇಳಿಯೂ ಇಲ್ಲ. ಅದು ತಾನಾಗಿ ಬಂದಿದೆ. ಆದರೂ ಹೊಣೆ ಅವನದು, ಏಕೆಂದರೆ ಅದಕ್ಕೆ ಹೋಗುವ ಶಕ್ತಿಯಿಲ್ಲ. ಕಣ್ಣಿಲ್ಲದ ಬೆಕ್ಕಿನ ವಿಷಯದಲ್ಲಿ ಹೇಳಿದ್ದು ಉಸಿರಿಲ್ಲದ ಬೆಕ್ಕಿಗೆ ಏಕೆ ಅನ್ವಯಿಸಬಾರದು? ಫತ್ವಾ ಕೊಡುವ ಅಧಿಕಾರ ನನಗಿಲ್ಲ. ಆದರೆ ಕಾರಣ ಒಂದೇ ಆಗಿರುವಲ್ಲಿ ತೀರ್ಮಾನ ಬೇರೆಯಾಗುವುದು ಹೇಗೆಂದು ನಿಮ್ಮೂರಿನ ಉಲಮಾಗಳನ್ನು ಕೇಳಿ ನೋಡಿ.

ಬೆಕ್ಕು ಮನೆಯಲ್ಲಿ ಯಾವ ಸ್ಥಾನದ ಜೀವಿ ಎಂಬುದಕ್ಕೂ ಒಂದು ಮಾತು ಹೇಳಬೇಕು. ಅಬೂಕತಾದ(ರ) ವುಝೂ ಮಾಡುತ್ತಿದ್ದಾಗ ಬೆಕ್ಕೊಂದು ಬಂತು. ಅವರು ಪಾತ್ರೆಯನ್ನು ವಾಲಿಸಿ ಅದಕ್ಕೆ ನೀರು ಕುಡಿಸಿದರು. ಬೆರಗಾಗಿ ನೋಡುತ್ತಿದ್ದ ಸೊಸೆ ಕಬ್ಶಾರಿಗೆ, ಬೆಕ್ಕು ಅಶುದ್ಧವಲ್ಲ, ಅದು ನಿಮ್ಮ ನಡುವೆ ಸುತ್ತಾಡುತ್ತಿರುವವುಗಳಲ್ಲಿ ಸೇರಿದ್ದೆಂದು ಪ್ರವಾದಿವರ್ಯರು(ಸ) ಹೇಳಿದ್ದನ್ನು ತಿಳಿಸಿದರು. (ಬೆಕ್ಕು ಬಾಯಿ ಹಾಕಿದ ನೀರಿನ ಬಗ್ಗೆ ಶಾಫಿಈ ಮತ್ತು ಹನಫಿ ಮದ್‌ಹಬ್‌ಗಳ ನಡುವೆ ಸಣ್ಣ ವ್ಯತ್ಯಾಸವಿದೆ, ಅದು ಇಲ್ಲಿ ಬೇಡ.) 'ಸುತ್ತಾಡುವವರು' ಎಂಬ ಆ ಅರಬಿ ಪದದ ಮೂಲವನ್ನು ನೋಡಿ. ಪವಿತ್ರ ಕುರ್‌ಆನ್‌ನ ಅನ್ನೂರ್ ಅಧ್ಯಾಯದ 58ನೇ ಸೂಕ್ತದಲ್ಲಿ ಅದೇ ಪದ ಮನೆಯ ಸೇವಕರಿಗೂ ಪ್ರಾಯಕ್ಕೆ ಬರದ ಮಕ್ಕಳಿಗೂ ಪ್ರಯೋಗವಾಗಿದೆ. ಅಂದರೆ ಬೆಕ್ಕನ್ನು ಎಣಿಸಿರುವುದು ಮನೆಯ ಸಾಮಾನುಗಳ ಪಟ್ಟಿಯಲ್ಲಲ್ಲ, ಮನೆಮಂದಿಯ ಪಟ್ಟಿಯಲ್ಲಿ. ನಮ್ಮ ಭಾಷಣಕಾರರಿಗೆ ಪ್ರಿಯವಾದ ಇನ್ನೊಂದು ಕತೆಯಿದೆ: ಮಲಗಿದ್ದ ಬೆಕ್ಕನ್ನು ಎಬ್ಬಿಸಬಾರದೆಂದು ಪ್ರವಾದಿವರ್ಯರು(ಸ) ತೋಳಬಟ್ಟೆ ಕತ್ತರಿಸಿದರೆಂಬುದು. ಹದೀಸ್ ಸಂಗ್ರಹಗಳಲ್ಲಿ ಅದಕ್ಕೆ ಆಧಾರವಿಲ್ಲ. ಪಾತ್ರೆ ವಾಲಿಸಿದ ಘಟನೆಗೆ ಆಧಾರವಿದೆ, ಅದು ನಮ್ಮಿಂದ ಏನನ್ನೋ ಬೇಡುತ್ತದೆ ಕೂಡ.

ಇನ್ನು ಕೆಮ್ಮಿನ ವಿಷಯ. ಪ್ರಾಣಿಗಳ ವಿಚಾರದಲ್ಲಿ ಅಲ್ಲಾಹನನ್ನು ಭಯಪಡಿರೆಂದು ಎಚ್ಚರಿಸುವ, ಅಬೂದಾವೂದ್‌ನಲ್ಲಿರುವ ಒಂದು ವಚನದಲ್ಲಿ ಅವುಗಳಿಗೆ 'ಮುಅ್‌ಜಮ' ಎಂಬ ವಿಶೇಷಣವಿದೆ. ಮಾತು ಬಾರದವು ಎಂದರ್ಥ. ಕನ್ನಡದಲ್ಲಿ ನಾವು ಮೂಕಪ್ರಾಣಿ ಎನ್ನುತ್ತೇವೆ. ಎರಡು ಭಾಷೆಗಳೂ ಒಂದೇ ಕಡೆ ಬೆರಳಿಟ್ಟಿವೆ. ದೂರು ಹೇಳಲಾರದವರ ದೂರನ್ನು ನಾವೇ ಹುಡುಕಿ ಓದಿಕೊಳ್ಳಬೇಕು. ಅದರಲ್ಲೂ ಬೆಕ್ಕು ನೋವನ್ನು ಮುಚ್ಚಿಡುವ ಪ್ರಾಣಿ. ಕಾಯಿಲೆಯಾದರೆ ಅದು ಅರಚುವುದಿಲ್ಲ, ಮಂಚದ ಕೆಳಗೆ ಸೇರಿಕೊಳ್ಳುತ್ತದೆ, ಅಷ್ಟೆ.

ಬೆಕ್ಕು ಮುಂಗಾಲು ಮಡಚಿ ಕೂತು, ಕತ್ತನ್ನು ಮುಂದಕ್ಕೆ ಚಾಚಿ ಖ್ಖ ಖ್ಖ ಎನ್ನುವಾಗ ಗಂಟಲಲ್ಲಿ ಕೂದಲುಂಡೆ ಸಿಕ್ಕಿದೆಯೆಂದು ನಮ್ಮವರು ಸುಮ್ಮನಾಗುತ್ತಾರೆ. ಕೂದಲುಂಡೆಯಾದರೆ ಹೊಟ್ಟೆ ಹಿಂಡಿದಂತಾಗಿ ಕೊನೆಗೆ ಏನಾದರೂ ಹೊರಬೀಳುತ್ತದೆ. ಕೆಮ್ಮಾದರೆ ಏನೂ ಬೀಳುವುದಿಲ್ಲ, ಬೆಕ್ಕು ಒಮ್ಮೆ ನುಂಗಿಕೊಂಡು ಎದ್ದುಹೋಗುತ್ತದೆ. ಅದು ಮತ್ತೆ ಮತ್ತೆ ಮರುಕಳಿಸುತ್ತಿದ್ದರೆ ಬಹಳ ಸಲ ಅದು ದಮ್ಮು. ಹೌದು, ಮನುಷ್ಯರಿಗೆ ಬರುವಂಥದ್ದೇ ದಮ್ಮು. ಬೆಕ್ಕುಗಳಲ್ಲಿ 100ಕ್ಕೆ 1ರಿಂದ 5ರಷ್ಟಕ್ಕೆ ಇದು ಇದೆಯೆಂದು ಪಶುವೈದ್ಯರ ಅಂದಾಜು. ಧೂಳು, ಹೊಗೆ, ಬೂಷ್ಟು ಮೊದಲಾದುವುಗಳಿಗೆ ಶ್ವಾಸನಾಳ ಅತಿಯಾಗಿ ಕೆರಳಿ, ಊದಿಕೊಂಡು, ಲೋಳೆ ತುಂಬಿ ಕಿರಿದಾಗುತ್ತದೆ. ಒಳಗೆ ಹೋದ ಗಾಳಿ ಹೊರಗೆ ಬರಲು ಒದ್ದಾಡುತ್ತದೆ. ಇದಕ್ಕೆ ಪೂರ್ತಿ ಗುಣವಿಲ್ಲ, ಆದರೆ ಹತೋಟಿಯಿದೆ. ಊತ ಇಳಿಸುವ ಸ್ಟೀರಾಯ್ಡ್ ಮಾತ್ರೆಗಳಿವೆ. ಮಕ್ಕಳಿಗೆ ಕೊಡುವಂತೆ ಕೊಳವೆ ಮತ್ತು ಮುಖವಾಡದ ಮೂಲಕ ಇನ್‌ಹೇಲರ್ ಕೂಡ ಕೊಡಲಾಗುತ್ತದೆ. ಬೆಕ್ಕು ಅದಕ್ಕೆ ಒಗ್ಗಿಕೊಳ್ಳುತ್ತದೆಂದರೆ ಹಲವರು ನಂಬುವುದಿಲ್ಲ. ಮೊದಲು ಮುಖವಾಡವನ್ನು ಬರಿದೇ ಮೂಸಲು ಬಿಟ್ಟು, ಪ್ರತಿ ಸಲ ಒಂದು ಚೂರು ಮೀನು ಕೊಟ್ಟರೆ ಕೆಲವು ದಿನಗಳಲ್ಲಿ ಒಗ್ಗುತ್ತದೆ.

ಎಲ್ಲ ಕೆಮ್ಮೂ ದಮ್ಮಲ್ಲ. ಸೀನು, ಕಣ್ಣಿನಲ್ಲಿ ಪಿಸುರು, ಮೂಗಿನಲ್ಲಿ ಸುರಿತ ಇದ್ದರೆ ಅದು ಬೆಕ್ಕುಗಳ ನೆಗಡಿ, ಹೆಚ್ಚಾಗಿ ವೈರಸ್‌ಗಳಿಂದ ಬರುವಂಥದ್ದು. ಮರಿಯಿದ್ದಾಗಲೇ ಲಸಿಕೆ ಹಾಕಿಸಿದರೆ ಅದರ ಉಗ್ರತೆ ಕಡಿಮೆಯಾಗುತ್ತದೆ. ನೆಗಡಿಯಲ್ಲವೇ ಎಂದು ಉದಾಸೀನ ಮಾಡುವಂತಿಲ್ಲ: ಮೂಗು ಕಟ್ಟಿ ಕೆಲವೇ ದಿನ ಅನ್ನ ಬಿಟ್ಟರೂ ಬೆಕ್ಕಿನ ಪಿತ್ತಜನಕಾಂಗದಲ್ಲಿ ಕೊಬ್ಬು ತುಂಬಿ ಜೀವಕ್ಕೆ ಅಪಾಯವಾಗುತ್ತದೆ. ಶ್ವಾಸಕೋಶದಲ್ಲಿ ನೆಲೆಸುವ ಒಂದು ಜಾತಿಯ ಹುಳವೂ ಇದೆ. ಬಸವನಹುಳು ಮತ್ತು ಗೊಂಡೆಹುಳುಗಳಲ್ಲಿ ಬೆಳೆಯುವ ಅದರ ಮರಿಗಳು, ಅವನ್ನು ತಿಂದ ಹಕ್ಕಿ, ಹಲ್ಲಿ, ಇಲಿಗಳ ಮೂಲಕ ಬೇಟೆಗಾರ ಬೆಕ್ಕಿನ ಹೊಟ್ಟೆ ಸೇರುತ್ತವೆ. ಅದಕ್ಕೆ ಮದ್ದಿದೆ. ಹೃದಯದ ಕಾಯಿಲೆಯಲ್ಲಿ ಕೆಮ್ಮು ಕಾಣುವುದು ಅಪರೂಪ, ಉಸಿರು ಮಾತ್ರ ವೇಗವಾಗುತ್ತದೆ. ಯಾವುದು ಯಾವುದೆಂದು ಹೇಳಬೇಕಾದವರು ವೈದ್ಯರು. ನಮ್ಮ ಕೆಲಸ ಎಣಿಸುವುದು. ಬೆಕ್ಕು ಗಾಢ ನಿದ್ರೆಯಲ್ಲಿರುವಾಗ ಅದರ ಪಕ್ಕೆ ಏರಿ ಇಳಿಯುವುದನ್ನು ಒಂದು ನಿಮಿಷ ಎಣಿಸಿ. 15ರಿಂದ 30ರೊಳಗೆ ಇದ್ದರೆ ಸರಿ. ದಿನವೂ 30 ದಾಟುತ್ತಿದ್ದರೆ ವೈದ್ಯರಿಗೆ ತೋರಿಸಬೇಕು. 40 ದಾಟಿದರೆ ನಾಳೆಗೆ ತಳ್ಳಬಾರದು. ನಾಯಿ ಬಾಯಿ ತೆರೆದು ಏದುಸಿರು ಬಿಟ್ಟರೆ ಸೆಕೆಯೆನ್ನಬಹುದು. ಸುಮ್ಮನೆ ಕುಳಿತ ಬೆಕ್ಕು ಬಾಯಿ ತೆರೆದು ಉಸಿರಾಡಿದರೆ, ಒಸಡು ನೀಲಿಗೆ ತಿರುಗಿದರೆ, ಅದು ಆ ಗಳಿಗೆಯ ತುರ್ತು. ಎಣಿಸುವ ಕೆಲಸವನ್ನು ಮಕ್ಕಳಿಗೆ ಒಪ್ಪಿಸಿ, ಅವರಿಗೆ ಅದಕ್ಕೆ ತಾಳ್ಮೆಯಿದೆ.

ಆ ಸ್ತ್ರೀಯ ವಿಷಯಕ್ಕೆ ಮರಳೋಣ. ಕೂಡಿಹಾಕಿದವರ ಮೇಲೆ ಅನ್ನ ನೀರಿನ ಹೊಣೆ ಬರುವುದಾದರೆ ಗಾಳಿಯ ಹೊಣೆ ಬರುವುದಿಲ್ಲವೇ? ಇಂದು ನಗರಗಳ ಫ್ಲಾಟುಗಳಲ್ಲಿ ಬೆಕ್ಕನ್ನು ಹಗ್ಗ ಹಾಕಿ ಕಟ್ಟಬೇಕಾಗಿಲ್ಲ, ಮೂರನೆಯ ಮಹಡಿಯೇ ಕಟ್ಟಿಹಾಕುತ್ತದೆ. ಅಲ್ಲಿನ ಗಾಳಿ ಎಂಥದ್ದು? ಗುರುವಾರ ಸಂಜೆ ಕೋಣೆ ಕೋಣೆಗೆ ಲೋಬಾನದ ಹೊಗೆ. ರಾತ್ರಿಯಿಡೀ ಸೊಳ್ಳೆಬತ್ತಿ. ಹಬ್ಬಕ್ಕೆ ಅತ್ತರಿನ ಸ್ಪ್ರೇ. ಇದೆಲ್ಲದರ ಮೇಲೆ ಮನೆಯ ಯಜಮಾನರ ಸಿಗರೇಟು. ನಮಗಾದರೆ ಹೊರಗೆ ಹೋಗಿ ಉಸಿರಾಡಿ ಬರಲು ಕಾಲಿದೆ. ಹೊಗೆಯ ಕಣಗಳು ಇಳಿಯುವ ನೆಲದಲ್ಲೇ ಬೆಕ್ಕು ಮಲಗುತ್ತದೆ, ಮೈಮೇಲೆ ಕೂತ ಮಸಿಯನ್ನು ನೆಕ್ಕಿ ನುಂಗುತ್ತದೆ. ಸಿಗರೇಟು ಸೇದುವವರಿರುವ ಮನೆಗಳ ಬೆಕ್ಕುಗಳಲ್ಲಿ ಲಿಂಫೋಮಾ ಎಂಬ ಕ್ಯಾನ್ಸರ್‌ನ ಅಪಾಯ ಇತರ ಮನೆಗಳಿಗಿಂತ ಎರಡು ಪಟ್ಟಿಗೂ ಮಿಕ್ಕಿ ಕಂಡುಬಂದಿತೆಂದು 2002ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದು ಹೇಳಿತ್ತು. ಲೋಬಾನ ಹಾಕುವುದನ್ನು ನಾನು ವಿರೋಧಿಸುತ್ತಿಲ್ಲ, ಅದರ ಪರಿಮಳ ನನಗೂ ಇಷ್ಟ. ಆದರೆ ಅದು ಫರ್ಝೂ ಅಲ್ಲ, ಸುನ್ನತ್ತೂ ಅಲ್ಲ, ಒಂದು ವಾಡಿಕೆ. ದಮ್ಮಿನ ಬೆಕ್ಕಿರುವ ಮನೆಯಲ್ಲಿ ವಾಡಿಕೆಯನ್ನು ಬಿಡಬಹುದು. ಸೊಳ್ಳೆಗೆ ಬತ್ತಿಯ ಬದಲು ಪರದೆ ಕಟ್ಟಬಹುದು, ಡೆಂಗಿಯ ಕಾಲದಲ್ಲಿ ಮಕ್ಕಳಿಗೂ ಅದೇ ಕ್ಷೇಮ. ಸಿಗರೇಟಿನ ಬಗ್ಗೆ ಹೇಳುವ ಮಾತು ಬೆಕ್ಕಿಗಿಂತ ಮೊದಲು ಹೆಂಡತಿ ಮಕ್ಕಳ ಪರವಾಗಿಯೇ ಇದೆ.

ಒಳ್ಳೆಯ ಮನಸ್ಸೊಂದೇ ಸಾಲದೆಂಬುದಕ್ಕೆ ಇನ್ನೊಂದು ಉದಾಹರಣೆ ಕೊಡುತ್ತೇನೆ, ಇದನ್ನು ದಯವಿಟ್ಟು ಮನೆಯವರಿಗೆಲ್ಲ ಓದಿಹೇಳಿ. ಬೆಕ್ಕು ಕೆಮ್ಮುವುದನ್ನು ಕಂಡ ಮನೆಯಾಕೆ ಕನಿಕರದಿಂದ ಮಗುವಿನ ಪ್ಯಾರಾಸಿಟಮಾಲ್ ಸಿರಪ್ಪನ್ನೋ ಅರ್ಧ ಮಾತ್ರೆಯನ್ನೋ ಹಾಲಿಗೆ ಹಾಕಿ ಕುಡಿಸುತ್ತಾಳೆ. ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಅದನ್ನು ಅರಗಿಸಿ ಹೊರಹಾಕುವ ಕಿಣ್ವದ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ತೀರಾ ಕಡಿಮೆ. ರಕ್ತ ಆಮ್ಲಜನಕವನ್ನು ಹೊರುವ ಸಾಮರ್ಥ್ಯ ಕಳೆದುಕೊಂಡು ಕಂದುಬಣ್ಣಕ್ಕೆ ತಿರುಗುತ್ತದೆ, ಮುಖ ಮತ್ತು ಪಾದ ಊದಿಕೊಳ್ಳುತ್ತವೆ. ಒಂದೇ ಮಾತ್ರೆ ಸಾಕು ಕೊಲ್ಲಲು. ಉಸಿರಾಟದ ತೊಂದರೆಗೆಂದು ಕೊಟ್ಟ ಮದ್ದು ಇದ್ದ ಉಸಿರನ್ನೂ ಕಸಿಯುತ್ತದೆ. ಎದೆಗೆ ಹಚ್ಚುವ ಕರ್ಪೂರದ ಮುಲಾಮು, ನೀಲಗಿರಿ ಎಣ್ಣೆ, ನೆಲ ಒರೆಸುವ ಫಿನಾಯಿಲ್ ಕೂಡ ಬೆಕ್ಕಿಗೆ ಕೇಡು. ತಿಳಿಯದೆ ಕೊಟ್ಟವರನ್ನು ಅಲ್ಲಾಹನು ಕ್ಷಮಿಸುವನೆಂದು ಆಶಿಸೋಣ. ತಿಳಿದುಕೊಳ್ಳಬಹುದಾಗಿದ್ದೂ ಕೇಳದಿದ್ದವರ ವಿಷಯ ಬೇರೆ.

ಈಗ ಎಲ್ಲರ ಮನಸ್ಸಿನಲ್ಲಿರುವ ಆಕ್ಷೇಪಕ್ಕೆ ಬರುತ್ತೇನೆ. ಮಗಳ ಶಾಲೆಯ ಶುಲ್ಕ ಬಾಕಿಯಿದೆ, ನೆರೆಮನೆಯ ವೃದ್ಧನಿಗೆ ಔಷಧಿಗೆ ಕಾಸಿಲ್ಲ. ಹೀಗಿರುವಾಗ ಬೆಕ್ಕಿಗೆ ಎಕ್ಸ್‌ರೇ, ಇನ್‌ಹೇಲರ್ ಎಂದು ಖರ್ಚು ಮಾಡುವುದು ದುಂದುಗಾರಿಕೆಯಲ್ಲವೇ? ಇದು ಕುತರ್ಕವಲ್ಲ. ಬೆಕ್ಕನ್ನು ಸಾಕಲೇಬೇಕೆಂದು ಧರ್ಮ ಯಾರನ್ನೂ ಒತ್ತಾಯಿಸಿಲ್ಲ. ತನ್ನ ಕೈಯಲ್ಲಿ ಆಗದೆಂದು ತಿಳಿದವನು ಚಂದದ ಮರಿಯನ್ನು ಕಂಡು ಮನೆಗೆ ತಾರದಿರುವುದೇ ವಿವೇಕ. ತಂದ ಮೇಲೆ ಮಾತ್ರ ಲೆಕ್ಕ ಬದಲಾಗುತ್ತದೆ. ಕ್ರಿ.ಶ. 1262ರಲ್ಲಿ ತೀರಿಕೊಂಡ ಶಾಫಿಈ ವಿದ್ವಾಂಸ ಇಝ್ಝುದ್ದೀನ್ ಇಬ್ನು ಅಬ್ದುಸ್ಸಲಾಮ್, ಮನುಷ್ಯನ ಮೇಲೆ ಪ್ರಾಣಿಗಳಿಗಿರುವ ಹಕ್ಕುಗಳನ್ನು ತಮ್ಮ ಗ್ರಂಥದಲ್ಲಿ ಬರೆದಿಟ್ಟಿದ್ದಾರೆ. ಅದಕ್ಕೆ ತಕ್ಕ ಪೋಷಣೆಯನ್ನು ನೀಡಬೇಕು, ಅದು ಮುದಿಯಾಗಿ ಅಥವಾ ಕಾಯಿಲೆ ಬಿದ್ದು ಯಾವ ಪ್ರಯೋಜನಕ್ಕೂ ಬಾರದಂತಾದರೂ ಸರಿಯೇ ಎಂಬುದು ಅದರಲ್ಲಿ ಮೊದಲನೆಯದು. ಪ್ರಯೋಜನಕ್ಕೆ ಬಾರದಿದ್ದರೂ! ಇಲಿ ಹಿಡಿಯುವವರೆಗೆ ಬೆಕ್ಕು, ಇಲಿ ಹಿಡಿಯದಿದ್ದರೆ ಗೋಣಿಚೀಲ ಎಂಬ ನಮ್ಮ ವ್ಯವಹಾರವನ್ನು ಈ ಮಾತಿನ ಪಕ್ಕದಲ್ಲಿಟ್ಟು ನೋಡಿ. ಕೈರೋದಲ್ಲಿ ಸುಲ್ತಾನ್ ಬೈಬರ್ಸ್ (ಆಳ್ವಿಕೆ 1260–1277) ತನ್ನ ಮಸೀದಿಯ ಹತ್ತಿರದ ಒಂದು ತೋಟವನ್ನು ಬೆಕ್ಕುಗಳ ಪೋಷಣೆಗಾಗಿ ಬಿಟ್ಟುಕೊಟ್ಟಿದ್ದನೆಂದೂ, ತೋಟ ಕೈಬಿಟ್ಟುಹೋದ ಮೇಲೂ ಅಲ್ಲಿನ ಕಾಝಿಯ ಅಂಗಳದಲ್ಲಿ ಪ್ರತಿದಿನ ಬೆಕ್ಕುಗಳಿಗೆ ಉಣಿಸಲಾಗುತ್ತಿತ್ತೆಂದೂ ಎಡ್ವರ್ಡ್ ಲೇನ್ 1836ರ ತನ್ನ ಗ್ರಂಥದಲ್ಲಿ ಬರೆದಿದ್ದಾನೆ. ಆ ಕಾಲದ ಕೈರೋದಲ್ಲಿ ಬಡವರಿರಲಿಲ್ಲವೆಂದಲ್ಲ.

ಹಾಗೆಂದು ಶಕ್ತಿಗೆ ಮೀರಿದ್ದು ಯಾರ ಮೇಲೂ ಕಡ್ಡಾಯವಲ್ಲ. ಎಕ್ಸ್‌ರೇ ಸಾಧ್ಯವಾಗದವರು ಲೋಬಾನ ನಿಲ್ಲಿಸಬಹುದು, ಅದಕ್ಕೆ ಕಾಸು ಬೇಡ. ಉಸಿರೆಣಿಸಲು ಕಾಸು ಬೇಡ. ಮೂಗು ಕಟ್ಟಿದ ಬೆಕ್ಕಿನ ಮೂಗನ್ನು ಉಗುರುಬೆಚ್ಚಗಿನ ನೀರಿನ ಬಟ್ಟೆಯಲ್ಲಿ ಒರೆಸಿ, ಮೀನನ್ನು ಸ್ವಲ್ಪ ಬಿಸಿ ಮಾಡಿ ವಾಸನೆ ಏಳುವಂತೆ ಇಟ್ಟರೆ ಎಷ್ಟೋ ಬೆಕ್ಕುಗಳು ಬಾಯಿ ಹಾಕುತ್ತವೆ. ಉಳ್ಳವನು ಇದರಲ್ಲಿ ಮುಗಿಸುವಂತಿಲ್ಲ, ಇಲ್ಲದವನು ಇಷ್ಟನ್ನಾದರೂ ಬಿಡುವಂತಿಲ್ಲ.

ಮನೆಯ ಮಗುವಿಗೇ ದಮ್ಮಿದ್ದು ಬೆಕ್ಕಿನಿಂದ ಅದು ಹೆಚ್ಚುತ್ತಿದೆಯೆಂದು ವೈದ್ಯರು ಹೇಳಿದರೆ? ಆಗ ಮಗುವಿನ ಉಸಿರು ಮೊದಲು, ಇದರಲ್ಲಿ ಸಂದೇಹ ಬೇಡ. ಬೆಕ್ಕಿನ ದಮ್ಮು ಮನುಷ್ಯರಿಗೆ ಅಂಟುವಂಥದ್ದಲ್ಲ. ಆದರೆ ಅದರ ಜೊಲ್ಲು ಮತ್ತು ಚರ್ಮದಲ್ಲಿರುವ ಒಂದು ಪ್ರೋಟೀನು ಕೆಲವರಲ್ಲಿ ಅಲರ್ಜಿ ಹುಟ್ಟಿಸುತ್ತದೆ. ಬೆಕ್ಕಿನ ಕೂದಲು ಹೊಟ್ಟೆಗೆ ಹೋದರೆ ದಮ್ಮು ಬರುತ್ತದೆಂಬ ಅಜ್ಜಿಯರ ಮಾತಿನ ಹಿಂದೆ ಇಷ್ಟು ನಿಜವಿದೆ. ಅಂಥ ಮನೆಯವರು ಬೆಕ್ಕನ್ನು ಸಾಕಬಲ್ಲ ಇನ್ನೊಂದು ಮನೆಯನ್ನು ಹುಡುಕಿ, ಅದರ ಕಾಯಿಲೆಯನ್ನು ಮುಚ್ಚಿಡದೆ ಹೇಳಿ ಒಪ್ಪಿಸಬೇಕು. ಒಪ್ಪಿಸುವುದಕ್ಕೂ ಎಸೆಯುವುದಕ್ಕೂ ಇರುವ ಅಂತರ ಬೆಕ್ಕಿಗೆ ಗೊತ್ತಾಗುತ್ತದೆ.

ತಾಲೂಕು ಕೇಂದ್ರಗಳ ಸರಕಾರಿ ಪಶು ಆಸ್ಪತ್ರೆ ದನಕರುಗಳಿಗೆ ಮಾತ್ರ ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ, ಅದು ಸರಿಯಲ್ಲ. ಬೆಂಗಳೂರಿನ ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್‌ಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳೂ ಇವೆ. ಹೋಗುವ ಮೊದಲು ಬೆಕ್ಕು ಎಷ್ಟು ದಿನದಿಂದ ಕೆಮ್ಮುತ್ತಿದೆ, ನಿದ್ರೆಯಲ್ಲಿ ನಿಮಿಷಕ್ಕೆಷ್ಟು ಉಸಿರು, ಅನ್ನ ಮುಟ್ಟುತ್ತಿದೆಯೇ ಎಂಬುದನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಮೊಬೈಲ್ ಇದ್ದರೆ ಕೆಮ್ಮುವಾಗಿನ ದೃಶ್ಯವನ್ನು ಚಿತ್ರೀಕರಿಸಿಕೊಳ್ಳಿ, ವೈದ್ಯರ ಮುಂದೆ ಅದು ಕೆಮ್ಮದೇ ಇರುವುದೇ ಹೆಚ್ಚು. ಗೋಣಿಚೀಲ ಬೇಡ. ಗಾಳಿಯಾಡುವ ಬುಟ್ಟಿಯಲ್ಲಿಟ್ಟು ಮೇಲೆ ತೆಳುವಾದ ಬಟ್ಟೆ ಹೊದಿಸಿದರೆ ಹೆದರಿಕೆ ಕಡಿಮೆಯಾಗುತ್ತದೆ. ಏದುಸಿರು ಬಿಡುತ್ತಿರುವ ಬೆಕ್ಕನ್ನು ಅಪ್ಪಿ ಹಿಡಿಯಬೇಡಿ, ದಾರಿಯಲ್ಲಿ ಅದರ ಬಾಯಿಗೆ ಒತ್ತಾಯದಿಂದ ನೀರು ಹೊಯ್ಯಬೇಡಿ.